ನೀರಿನ ವರದಿ

ಒಂದಾನೊಂದು ದೊಡ್ಡ ಊರು. ಆ ಊರಿನ ಪಡುವಣಕ್ಕೆ, ಹೊತ್ತು ಮುಳುಗುವ ಕಡೆಗೆ, ಮಾಗಡಿ ರಸ್ತೆ ಅಂತ ಒಂದು ದಾರಿ. ಆ ದಾರಿಯ ಈ ತುದಿಗೊಬ್ಬಳು ಹುಡುಗಿ, ಆ ತುದಿಗೊಬ್ಬಳು ಹುಡುಗಿ. ಈ ತುದಿಯವಳು ವಿಜಯನಗರದವಳು. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕತೆ ಕೇಳುತ್ತ, ಅರ್ಧ ಇಲ್ಲಿ ಅರ್ಧ ಇನ್ನೆಲ್ಲೋ ಇದ್ದುಕೊಂಡು ಬೆಳೆದವಳು. ಹೆಸರು ಧನ್ಯಶ್ರೀ. ಆ ತುದಿಯವಳು ಬ್ಯಾಡರಹಳ್ಳಿಯವಳು. ಗದಗಿನ ಸೀಮೆಯಿಂದ ಅಪ್ಪ ಅವ್ವನ ಜೊತೆ ಬಂದು, ಅಪ್ಪನ ಇಸ್ತ್ರಿ ಅಂಗಡಿಯ ಬಿಸಿಯಲ್ಲಿ ಪುಸ್ತಕ ಹಿಡಿದು ಬೆಳೆದವಳು. ಹೆಸರು ನೀಲಾಂಬಿಕಾ. ಒಂದೇ ಬಸ್ಸು ಹತ್ತಿ, ಒಂದೇ ಕಂಬಿಗೆ ಜೋತುಬಿದ್ದು ಎಷ್ಟು ಸಲ ಓಡಾಡಿದ್ದರೋ ಏನೋ, ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಭೇಟಿಯಾಗಬೇಕಾದರೆ ಇಬ್ಬರೂ ಚೆನ್ನೈವರೆಗೆ ಹೋಗಬೇಕಾಯಿತು.

ಚೆನ್ನೈಯಲ್ಲಿ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ. ಅಲ್ಲಿ ಮೊದಲು ಕೂದಲು ಕತ್ತರಿಸುತ್ತಾರೆ, ಆಮೇಲೆ ಬೂಟು ಕೊಡುತ್ತಾರೆ, ಆಮೇಲೆ ಇಬ್ಬಿಬ್ಬರನ್ನು ಒಂದೊಂದು ಜೋಡಿ ಮಾಡುತ್ತಾರೆ. ಜೋಡಿಯಲ್ಲಿ ಒಬ್ಬಳು ಬಿದ್ದರೆ ಎತ್ತಬೇಕಾದವಳು ಇನ್ನೊಬ್ಬಳು. ಅಲ್ಲಿಯ ಇಂಗ್ಲಿಷ್ ಮಾತಲ್ಲಿ ಅಂಥ ಜೊತೆಗಾತಿಗೆ ಬಡ್ಡಿ ಅನ್ನುತ್ತಾರೆ.

ಮೊದಲ ಟರ್ಮ್ ಮುಗಿಸಿ ರಜೆಗೆ ಬಂದ ಬೆಳಗ್ಗೆಯೇ ಧನ್ಯಶ್ರೀ ಗೆಳತಿಯನ್ನು ಮನೆಗೆ ಎಳಕೊಂಡು ಬಂದು ಅಜ್ಜಿಯ ಮುಂದೆ ನಿಲ್ಲಿಸಿದಳು. "ಇವಳೇ ಕಣಜ್ಜಿ ನನ್ನ ಬಡ್ಡಿ."

ಅಜ್ಜಿ ಮುನಿತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ಕತ್ತೆತ್ತಿ ನೋಡಿದಳು. ನೀಲಾಂಬಿಕಾ ಬಾಗಿಲ ಪಟ್ಟಿಗೆ ತಲೆ ತಾಕುವಷ್ಟು ಉದ್ದ. "ಬಡ್ಡಿನೇ ಇಷ್ಟುದ್ದ ಇದ್ದರೆ ಅಸಲು ಎಷ್ಟಿರಬೇಕು ತಾಯಿ? ಅದಿರ್ಲಿ, ಇಬ್ಬರೂ ಜಡೆ ಎಲ್ಲಿ ಅಡ ಇಟ್ಟು ಬಂದ್ರಿ?"

"ಸರ್ಕಾರದಾಗ ಇಟ್ಟೀವ್ರಿ ಅಜ್ಜಿ," ಅಂದಳು ನೀಲಾಂಬಿಕಾ. "ಪಾಸಾದ್ರ ಬಿಡಿಸ್ಕೊಂಡು ಬರ್ತೀವಿ."

ಅಜ್ಜಿಗೆ ಆ ಉತ್ತರ ಹಿಡಿಸಿತು. ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗೂ ಒಂದು ಹಿಡಿ ಅವರೆಕಾಯಿ ಹಾಕಿದಳು. ಧನ್ಯಶ್ರೀಯ ಕಿವಿಯಲ್ಲಿ ಮಾತ್ರ ಆ ಒಂದು ಪದ ಉಳಿದುಕೊಂಡಿತು. ಪಾಸಾದರೆ.

ಯಾಕೆ ಅಂತ ಹೇಳಬೇಕಾದರೆ ಇನ್ನೊಂದು ಪದದ ಕತೆ ಹೇಳಬೇಕು.

ಅಕಾಡೆಮಿಯಲ್ಲಿ ಕಲಿಸುವವನಿಗೆ ಉಸ್ತಾದ್ ಅನ್ನುತ್ತಾರೆ. ಹೊತ್ತು ಮೂಡುವ ಮುಂಚೆ ಆ ಉಸ್ತಾದ್ ಮೈದಾನದ ನಡುವೆ ನಿಂತು "ಸಾವಧಾನ್" ಅಂತ ಒಂದು ಕೂಗು ಹಾಕಿದರೆ ಅಷ್ಟೂ ಜನರ ಹಿಮ್ಮಡಿ ಒಟ್ಟಿಗೆ ನೆಲಕ್ಕೆ ಬಡಿಯುತ್ತದೆ. ಅಷ್ಟೂ ಬೂಟುಗಳಿಗೆ ಒಂದೇ ಸದ್ದು. ಆ ಸದ್ದಿಗೆ ಮರದ ಕಾಗೆಗಳು ಏಳುತ್ತವೆ, ನಿಂತವಳ ಬೆನ್ನುಹುರಿ ತಾನಾಗಿಯೇ ನೆಟ್ಟಗಾಗುತ್ತದೆ. ಧನ್ಯಶ್ರೀಗೆ ಮೊದಮೊದಲು ಅದು ಉಸ್ತಾದನ ಪದವಾಗಿ ಕೇಳಿಸುತ್ತಲೇ ಇರಲಿಲ್ಲ. ಸಾವಧಾನ ಅಂದರೆ ಅವಳ ಅಜ್ಜಿ ಕಾಫಿ ಲೋಟ ಕೊಡುವಾಗ ಹೇಳುವ ಮಾತು. ಸಾವಧಾನ ಕಂದ, ಬಿಸಿ ಇದೆ. ಸಾವಧಾನವಾಗಿ ಮೆಟ್ಟಿಲು ಇಳಿ, ಜಾರುತ್ತೆ. ಹಾಗಾಗಿ ಎಲ್ಲರೂ ಕಲ್ಲಾಗುವ ಹೊತ್ತಿಗೆ ಇವಳು ನಿಧಾನಕ್ಕೆ, ಸಮಾಧಾನವಾಗಿ ಕಾಲು ಕೂಡಿಸುತ್ತಿದ್ದಳು. ಉಸ್ತಾದ್ ಇವಳನ್ನು ಮೈದಾನ ಸುತ್ತಿಸುತ್ತಿದ್ದ. ಪಕ್ಕದಲ್ಲಿ ನಿಂತ ನೀಲಾಂಬಿಕಾ ಮಾತ್ರ ಸರ್ಕಾರಿ ಶಾಲೆಯಲ್ಲೇ ಆ ಕವಾಯತು ಕಲಿತವಳು. ಕೂಗಿನ ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದಳು. "ಲೇ ಕನಸಿನಾಕಿ, ಇಳಕೊಂಡು ಬಾ ಭೂಮಿಗೆ," ಅಂತ ತುಟಿ ಅಲ್ಲಾಡಿಸದೆ ಗೊಣಗುತ್ತಿದ್ದಳು. ಉದ್ದದ ನಡಿಗೆಗಳಲ್ಲಿ ಧನ್ಯಶ್ರೀ ಸೋತು ಕೂತಾಗ ಇವಳ ರೈಫಲ್ಲನ್ನೂ ತನ್ನ ಹೆಗಲಿಗೇ ಹಾಕಿಕೊಂಡು, "ನಡಿ, ಕತಿ ಹೇಳ್ಕೋತ ನಡಿ, ನಾ ಕೇಳ್ತೀನಿ," ಅನ್ನುತ್ತಿದ್ದಳು.

ಒಂದು ದಿನ ಕೆಸರುಹೊಂಡ ದಾಟುವ ಪಾಠ. ಹೊಂಡದ ಮೇಲೆ ಒಂದು ದುಂಡನೆಯ ಮರದ ದಿಮ್ಮಿ. ಬೆನ್ನಿಗೆ ಮೂಟೆ, ಕೊರಳಿಗೆ ರೈಫಲ್ಲು. ನೀಲಾಂಬಿಕಾ ಮುಂದೆ, ಧನ್ಯಶ್ರೀ ಹಿಂದೆ. ದಿಮ್ಮಿ ಒದ್ದೆಯಾಗಿ ಹೊಳೆಯುತ್ತಿತ್ತು. ಗೆಳತಿಯ ಕಾಲು ಒಂದು ಚೂರು ಸರಿದದ್ದು ಕಂಡು ಧನ್ಯಶ್ರೀಯ ಜೀವ ಬಾಯಿಗೆ ಬಂತು. ಅಜ್ಜಿ ಹೇಳುವ ಹಾಗೇ, ಅಷ್ಟೇ ಮೆತ್ತಗೆ ಅಂದಳು:

"ಸಾವಧಾನ."

ನೀಲಾಂಬಿಕಾಳ ಕಿವಿಗೆ ಹೋದದ್ದು ಅಜ್ಜಿಯ ಮಾತಲ್ಲ, ಉಸ್ತಾದನದು. ದಿಮ್ಮಿಯ ಮೇಲೆ, ನೀರಿನ ನಡುವೆ, ಅವಳ ಹಿಮ್ಮಡಿ ಎರಡೂ ಟಕ್ ಅಂತ ಕೂಡಿದವು. ಎದೆ ಮುಂದಕ್ಕೆ ಬಂತು, ಕೈ ತೊಡೆಗೆ ಅಂಟಿತು. ಒಂದು ಕ್ಷಣ ಪ್ರತಿಮೆಯ ಹಾಗೆ ಅಷ್ಟು ಚೆಂದಕ್ಕೆ ನಿಂತಳು, ಆಮೇಲೆ ಹಾಗೇ ಪ್ರತಿಮೆಯಾಗಿಯೇ ಹೊಂಡಕ್ಕೆ ಬಿದ್ದಳು.

ಎಲ್ಲರೂ ನಕ್ಕರು. ಉಸ್ತಾದನೂ ನಕ್ಕ. ಮೂಟೆ ಅವಳನ್ನು ಕೆಳಗೆ ಎಳೆಯುತ್ತಿದೆ ಅಂತ ಗೊತ್ತಾದದ್ದು ಧನ್ಯಶ್ರೀಗೇ ಮೊದಲು. ಹಾರಿ, ಮುಳುಗಿ, ಮೂಟೆಯ ಪಟ್ಟಿ ಹಿಡಿದು ದಡಕ್ಕೆ ಎಳೆದು ತಂದಳು. ಸಂಜೆ ಊಟದ ಮನೆಯಲ್ಲಿ ನೀಲಾಂಬಿಕಾ ತಾನೇ ಆ ಬಿದ್ದದ್ದನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದಳು. ಆದರೆ ಅವತ್ತಿಂದ ಅವಳು ನೀರಿಗೆ ಇಳಿಯಲಿಲ್ಲ. ಬರೀ ನೀರು ಕಂಡರೆ ಮೊಣಕಾಲು ಬೀಗ ಹಾಕಿಕೊಳ್ಳುತ್ತಿತ್ತು. ಟರ್ಮ್ ಕೊನೆಗೆ ಪರೀಕ್ಷೆ: ಈಜುಕೊಳದ ಎತ್ತರದ ಹಲಗೆಯಿಂದ ಹಾರಿ ಆಚೆ ದಡಕ್ಕೆ ಈಜಬೇಕು. ಅವಳು ಹತ್ತಿದಳು, ಹತ್ತಿದ ಏಣಿಯಲ್ಲೇ ಇಳಿದಳು. ಇನ್ನೊಂದೇ ಅವಕಾಶ, ಮುಂದಿನ ಟರ್ಮಿನ ಮೊದಲ ವಾರ. ಆಗಲೂ ಹಾರದಿದ್ದರೆ ಹಿಂದೆ ಬರುವ ಕಿರಿಯರ ತಂಡಕ್ಕೆ ಇಳಿಸುತ್ತಾರೆ.

"ಹಿಂದ ಉಳದ್ರ ನಾ ಮನಿಗೇ ಹೋಗ್ತೀನಿ," ಅಂತ ರೈಲಲ್ಲಿ ಕಿಟಕಿ ಕಡೆ ನೋಡುತ್ತ ಹೇಳಿದಳು ನೀಲಾಂಬಿಕಾ. ಅವಳು ಸುಮ್ಮನೆ ಹೇಳುವವಳಲ್ಲ.

"ಬೀಳಿಸಿದ್ದು ನಾನು," ಅಂದಳು ಧನ್ಯಶ್ರೀ. "ರಜೆ ಮುಗಿಯೋದ್ರೊಳಗೆ ನಿನ್ನನ್ನ ಎತ್ತರದ ಹಲಗೆಯಿಂದ ಹಾರಿಸದೇ ಇದ್ರೆ ನಾನೂ ವಾಪಸ್ ರೈಲು ಹತ್ತಲ್ಲ. ಮಾತು ಕೊಟ್ಟಿದೀನಿ, ಮುಗೀತು."

ಹೀಗೆ ಶುರುವಾಯಿತು ಬಸವೇಶ್ವರನಗರದ ಈಜುಕೊಳದ ಕೆಲಸ.

ಬೆಳಗಿನ ಹೆಂಗಸರ ಬ್ಯಾಚು. ನೀರಿನ ಮೇಲೆ ಇನ್ನೂ ಬಿಸಿಲು ಬಿದ್ದಿರುತ್ತಿರಲಿಲ್ಲ, ತೆಳ್ಳಗೆ ಹಬೆ ಏಳುತ್ತಿರುತ್ತಿತ್ತು. ಮೊಮ್ಮಕ್ಕಳು ಏಳುವ ಮುಂಚೆಯೇ ಬಂದ ಆಂಟಿಯರು ತಲೆಗೆ ರಬ್ಬರ್ ಟೋಪಿ ಹಾಕಿಕೊಂಡು, ನೀರಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡುತ್ತ ಸೊಸೆಯಂದಿರ ವಿಷಯ ಮಾತಾಡುತ್ತಿದ್ದರು. ಕಾವಲಿನ ಅಂಜಿನಯ್ಯ ಕೊರಳಿಗೆ ಸೀಟಿ ಹಾಕಿಕೊಂಡು ದಡದ ಕುರ್ಚಿಯಲ್ಲಿ ಕೂತಿರುತ್ತಿದ್ದ. ನೀಲಾಂಬಿಕಾ ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಆ ಆಂಟಿಯರನ್ನೇ ನೋಡಿದಳು, ದೇವತೆಗಳನ್ನು ನೋಡುವ ಹಾಗೆ.

"ಅವರು ಮುಳುಗಂಗಿಲ್ಲೇನ?"

"ಮುಳುಗಿದ್ರೆ ಮಾತು ನಿಂತು ಹೋಗುತ್ತಲ್ಲ ಕಣೇ," ಅಂದಳು ಧನ್ಯಶ್ರೀ.

ಅದು ಕೇಳಿಸಿಕೊಂಡ ಒಬ್ಬ ಆಂಟಿ ತೇಲುತ್ತಲೇ ಹತ್ತಿರ ಬಂದರು. "ಬಾಮ್ಮ, ನಾಚಿಕೆ ಬೇಡ. ಹೊಟ್ಟೆ ಸಡಿಲ ಬಿಡು. ನೀನು ಪೊಲೀಸಾ?"

"ಮಿಲಿಟ್ರಿ ಆಂಟಿ."

"ಅದಕ್ಕೇ ಇಷ್ಟು ಬಿಗಿ. ಬಿಡು, ಬಿಡು, ಇಲ್ಲಿ ಯಾವ ಪಾಕಿಸ್ತಾನನೂ ಇಲ್ಲ."

ಸಾವಧಾನ ಅನ್ನುವ ಆ ಒಂದು ಪದವನ್ನು ಮಾತ್ರ ಧನ್ಯಶ್ರೀ ಈಜುಕೊಳದ ಗೇಟಿನ ಹೊರಗೇ ಬಿಟ್ಟು ಬರುತ್ತಿದ್ದಳು. ಬಾಯಿಗೆ ಬಂದರೂ ನುಂಗಿ, "ಮೆಲ್ಲಗೆ ಕಣೇ, ನಿಧಾನ," ಅನ್ನುತ್ತಿದ್ದಳು. ನೀಲಾಂಬಿಕಾಗೆ ಅದು ಗೊತ್ತಾಗಿ ಒಳಗೊಳಗೇ ನಗುತ್ತಿದ್ದಳು. ದಿನ ಕಳೆದಂತೆ ಅವಳು ಸೊಂಟದ ನೀರಿಗೆ ಬಂದಳು, ತೇಲಿದಳು, ಕೈಕಾಲು ಬಡಿದಳು, ಆಮೇಲೆ ಒಂದು ದಿನ ದಡದ ಪಕ್ಕದಲ್ಲೇ ಆ ತುದಿಯಿಂದ ಈ ತುದಿಗೆ ಈಜಿಯೇಬಿಟ್ಟಳು. ಎತ್ತರದ ದೇಹ, ಉದ್ದ ಕೈ, ನೀರು ಅವಳಿಗೆ ದಾರಿ ಬಿಟ್ಟುಕೊಡುತ್ತಿತ್ತು. ಆದರೆ ಆಚೆ ಆಳದ ಕಡೆಗೆ, ಎತ್ತರದ ಹಲಗೆ ಇದ್ದ ಕಡೆಗೆ, ಕತ್ತು ಕೂಡ ತಿರುಗಿಸುತ್ತಿರಲಿಲ್ಲ.

ರಜೆ ಕರಗುತ್ತ ಬಂತು. ಧನ್ಯಶ್ರೀ ತನ್ನ ಹತ್ತಿರ ಇದ್ದ ದೊಡ್ಡ ಆಸ್ತಿ ತೆಗೆದಳು. ಹಲಗೆಯ ಏಣಿಯ ಬುಡದಲ್ಲಿ ಕೂರಿಸಿಕೊಂಡು ಅಜ್ಜಿಯ ನೀರರಾಣಿಯ ಕತೆ ಹೇಳಿದಳು. ಕೆರೆಯ ತಳದಲ್ಲಿ ಹವಳದ ಉಯ್ಯಾಲೆಯ ಮೇಲೆ ರಾಣಿ ಕೂತಿರುತ್ತಾಳೆ, ನಂಬಿ ಹಾರಿದವರನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಕಳಿಸುತ್ತಾಳೆ. ಹೇಳುತ್ತ ಹೇಳುತ್ತ ಅವಳ ಕಣ್ಣೇ ಅರ್ಧ ಮುಚ್ಚಿದವು.

ನೀಲಾಂಬಿಕಾ ಪೂರ್ತಿ ಕೇಳಿದಳು. "ಕತಿ ಭಾಳ ಚಲೋ ಐತಿ. ಆದ್ರ ಅಲ್ಲಿ ರಾಣಿ ಇಲ್ಲ ಅಂತ ನಂಗ ಗೊತ್ತೈತಲ್ಲ."

"ಮತ್ತೆ ಹೆಂಗೆ ಹಾರ್ತೀಯ? ನಾಳೆ ಸೈನಿಕರು ನಿನ್ನ ಮುಖ ನೋಡ್ಕೊಂಡು ನಡೀಬೇಕು. ನೀನು ಇಲ್ಲಿ ಒಂದು ಹಲಗೆಗೆ ಹೆದರ್ಕೊಂಡು ಕೂತ್ರೆ ನಾಚಿಕೆ ಆಗಲ್ವಾ?"

ಮಾತು ಹೊರಗೆ ಬಿದ್ದ ಮೇಲೆ ಧನ್ಯಶ್ರೀಗೇ ತಾನು ಉಸ್ತಾದನ ದನಿಯಲ್ಲಿ ಮಾತಾಡಿದೆ ಅನ್ನಿಸಿತು. ನೀಲಾಂಬಿಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು. ಮಾರನೇ ಬೆಳಗ್ಗೆ ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

"ನಿಮ್ ಜೊತೆಯೋರು ಸೋತ್ರಾ ಮೇಡಂ?" ಅಂತ ಅಂಜಿನಯ್ಯ ಕೇಳಿದ. ಧನ್ಯಶ್ರೀ ಒದ್ದೆ ತಲೆಯಲ್ಲೇ ಬ್ಯಾಡರಹಳ್ಳಿಯ ಬಸ್ಸು ಹತ್ತಿದಳು.

ಇಸ್ತ್ರಿ ಅಂಗಡಿ ಮನೆಯ ಮುಂಭಾಗದಲ್ಲೇ. ನೀಲಾಂಬಿಕಾಳ ಅಪ್ಪ ಮಡಿವಾಳಪ್ಪ ಮಗಳ ಸಮವಸ್ತ್ರಕ್ಕೆ ಗೆರೆ ಹಾಕುತ್ತಿದ್ದರು. ಗಿರಾಕಿಗಳ ಬಟ್ಟೆ ಗುಡ್ಡೆಯಾಗಿ ಕಾಯುತ್ತಿತ್ತು, ಅವರು ಆ ಒಂದು ತೋಳನ್ನು ನೀರು ಚಿಮುಕಿಸಿ ಚಿಮುಕಿಸಿ ತಿದ್ದುತ್ತಿದ್ದರು. ನಾಳಿದ್ದು ರೈಲಿಗೆ ಕಟ್ಟಬೇಕಾದ ಬಟ್ಟೆ ಅದು. "ಬಾ ಯವ್ವಾ, ಒಳಗ ಅದಾಳ," ಅಂದರು. ಒಳಗೆ ಅವ್ವ ದಾನಮ್ಮ ರೊಟ್ಟಿ ಬಡಿಯುತ್ತಿದ್ದರು. ಅಂಗಡಿಗಳಿಗೆ ಕೊಡುವ ರೊಟ್ಟಿ ಕಟ್ಟು ಕಟ್ಟಾಗಿ ಗೋಡೆಗೆ ಆತು ನಿಂತಿತ್ತು. ಮಗಳು ಒಲೆಯ ಪಕ್ಕ ಕೂತು ಎಣ್ಣೆಗಾಯಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು.

"ಕುಂದ್ರು," ಅಂದಳು. ತನ್ನ ತಟ್ಟೆಯ ರೊಟ್ಟಿ ಮುರಿದು ಅರ್ಧ ಕೊಟ್ಟಳು. ಅಷ್ಟರಲ್ಲಿ ಜಗಳ ಮುಗಿಯಿತು. ಕೆಲವರ ಜೊತೆ ಜಗಳ ಹಾಗೆಯೇ ಮುಗಿಯುತ್ತದೆ.

ರೊಟ್ಟಿ ಮುಗಿದ ಮೇಲೆ ನೀಲಾಂಬಿಕಾ ಕೇಳಿದಳು. "ಲೇ, ನೀ ಅಲ್ಲಿ ಪರೀಕ್ಷೆದಾಗ ಹಾರಿದಿ. ಇಲ್ಲಿ ದಿನಾ ಹಾರಿ ತೋರಸ್ತಿ. ನಂಗೊಂದು ಹೇಳು. ಕತಿ ಬ್ಯಾಡ, ಖರೇ ಹೇಳು. ಹಲಗಿ ಬಿಟ್ಟಮ್ಯಾಲೆ ನೀರು ಮುಟ್ಟೂ ತನಕ ಏನ್ ಕಾಣ್ತೈತಿ? ಒಳಗ ಹೋದಮ್ಯಾಲೆ ಮ್ಯಾಲೆ ಯಾವ್ದು, ಕೆಳಗ ಯಾವ್ದು, ಹೆಂಗ ಗೊತ್ತಾಕ್ಕೈತಿ?"

"ಅಂದ್ರೆ?"

"ಅವತ್ತು ಹೊಂಡದಾಗ ನಂಗ ಅದ ಗೊತ್ತಾಗ್ಲಿಲ್ಲ. ಮ್ಯಾಲೆ ಹೊಂಟೀನಿ ಅನ್ಕೊಂಡು ಕೆಳಗ ಹೊಂಟಿದ್ದೆ. ಕೈಗೆ ತಳದ ಕೆಸರು ಸಿಕ್ತು." ಅವಳು ಬೆರಳು ನೋಡಿಕೊಂಡಳು, ಕೆಸರು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. "ನೀರಿಗೆ ನಾ ಹೆದರಂಗಿಲ್ಲ. ಹಾದಿ ತಪ್ಪತೈತಿ ಅಂತ ಹೆದರ್ತೀನಿ."

ಧನ್ಯಶ್ರೀ ನೆನಪಿಸಿಕೊಳ್ಳಲು ನೋಡಿದಳು. ಅಕಾಡೆಮಿಯ ಹಲಗೆಯ ಮೇಲೆ ನಿಂತಾಗ ಅವಳು ಹಂಸವಾಗಿದ್ದಳು. ಇಲ್ಲಿ ಹಾರಿದಾಗಲೆಲ್ಲ ನೀರರಾಣಿಯ ಮಗಳಾಗಿದ್ದಳು. ಹಲಗೆ ಬಿಟ್ಟದ್ದು ನೆನಪಿದೆ, ಮೇಲೆ ಬಂದು ಉಸಿರು ಎಳೆದದ್ದು ನೆನಪಿದೆ. ನಡುವಿನದು ಬರೀ ಕತೆ.

"ನನಗೆ ಗೊತ್ತಿಲ್ಲ ಕಣೇ," ಅಂದಳು ಮೆಲ್ಲಗೆ. "ನಾನು ಕಣ್ಣು ಮುಚ್ಕೊಂಡಿರ್ತೀನಿ."

"ಯಾವಾಗ?"

"ಯಾವಾಗ್ಲೂ."

ನೀಲಾಂಬಿಕಾ ಅವಳನ್ನೇ ದಿಟ್ಟಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. "ಯವ್ವಾ, ಕೇಳಿದೇನ? ಇಷ್ಟು ದಿನಾ ನಾ ಕುರುಡಿ ಬೆನ್ನಹತ್ತಿ ಹೊಂಟಿದ್ನೆ." ದಾನಮ್ಮನಿಗೆ ಅರ್ಥವಾಗದಿದ್ದರೂ ಅವರೂ ನಕ್ಕರು. ನಗು ನಿಂತ ಮೇಲೆ ನೀಲಾಂಬಿಕಾಳ ಮುಖ ಬೇರೆ ಆಯಿತು. ಅಕಾಡೆಮಿಯಲ್ಲಿ ತಂಡಕ್ಕೆ ಮುಂದಾಳಾಗಿ ನಿಂತಾಗ ಬರುವ ಮುಖ ಅದು. "ನಮ್ಗ ಏನ್ ಕಲಿಸ್ಯಾರ? ತಂಡ ದಾಟೂಕಿಂತ ಮೊದ್ಲ ಒಬ್ಬಾಕಿ ಹೋಗಿ ಹಾದಿ ನೋಡಿ ಬರಬೇಕು. ಬಂದು ಕಂಡದ್ದು ಕಂಡಂಗ ಹೇಳಬೇಕು. ಹೌದಿಲ್ಲೋ? ನಾಳೆ ನೀ ಹೋಗಿ ನೋಡಿ ಬಾ. ನಂಗ ವರದಿ ಬೇಕು."

ಮರುದಿನ ರಜೆಯ ಕೊನೆಯ ಬೆಳಗು. ಧನ್ಯಶ್ರೀ ಏಣಿ ಹತ್ತಿದಳು. ಎಷ್ಟೋ ಸಲ ಹತ್ತಿದ ಏಣಿಯೇ. ಆದರೆ ಕಣ್ಣು ಬಿಟ್ಟುಕೊಂಡು ಹತ್ತಿದ್ದು ಇದೇ ಮೊದಲು. ಕಂಬಿ ತಣ್ಣಗಿತ್ತು, ಬಣ್ಣ ಎದ್ದ ಕಡೆ ತುಕ್ಕು ಅಂಗೈಗೆ ತರಿತರಿ ಅನ್ನುತ್ತಿತ್ತು. ಮೇಲೆ ಹೋಗಿ ನಿಂತಾಗ ಅವಳ ಊರು ಪೂರ್ತಿ ಎದುರಿಗೆ ಎದ್ದು ನಿಂತಿತು. ಮನೆಗಳ ನೆತ್ತಿಯ ಮೇಲೆ ಕಪ್ಪು ಟ್ಯಾಂಕುಗಳು, ತಂತಿಯ ಮೇಲೆ ಒಣಗುವ ಸೀರೆಗಳು, ಒಂದು ತೆಂಗಿನ ಮರದ ಸುಳಿಯಲ್ಲಿ ಹದ್ದಿನ ಗೂಡು. ದೂರದಲ್ಲಿ, ಎರಡು ಕಟ್ಟಡಗಳ ಸಂದಿಯಲ್ಲಿ, ಮೆಟ್ರೊ ಒಂದು ಕ್ಷಣ ಮಿನುಗಿ ವಿಜಯನಗರದ ಕಡೆ ಜಾರಿತು. ಅದರೊಳಗಿದ್ದವರು ಯಾರಿಗೂ ಇವಳು ಇಲ್ಲಿ ಹೀಗೆ ನಿಂತಿರುವುದು ಗೊತ್ತಿಲ್ಲ. ಆಮೇಲೆ ಕೆಳಗೆ ನೋಡಿದಳು. ನೀರು ಒಂದು ಸಣ್ಣ ಕರವಸ್ತ್ರದಷ್ಟು ಇತ್ತು.

ಅವಳಿಗೆ ಭಯವಾಯಿತು. ಇಷ್ಟು ದಿನ ತಾನು ಧೈರ್ಯಸ್ಥೆ ಅಂದುಕೊಂಡಿದ್ದಳಲ್ಲ, ಆ ಧೈರ್ಯ ಇದನ್ನು ಒಂದು ಸಲವೂ ಭೇಟಿಯಾಗಿಯೇ ಇರಲಿಲ್ಲ. ಇದನ್ನು ಕಣ್ಣಾರೆ ನೋಡುತ್ತ ನೀಲಾಂಬಿಕಾ ಅಕಾಡೆಮಿಯಲ್ಲಿ ಹಲಗೆಯ ತುದಿಯವರೆಗೆ ನಡೆದಿದ್ದಳು. ಯಾವ ರಾಣಿಯ ಕೈಯನ್ನೂ ಹಿಡಿಯದೆ ಇದನ್ನು ಪೂರ್ತಿ ನೋಡಿದ್ದಳು. ಏಣಿ ಇಳಿದು ಬಂದವಳನ್ನು ಕಂಡು ತಾನು ಪಾಪ ಅಂದುಕೊಂಡಿದ್ದಳಲ್ಲ. ಕೆಳಗೆ ದಡದಲ್ಲಿ ನಿಂತ ಆ ಉದ್ದನೆಯ ಹುಡುಗಿ ಧನ್ಯಶ್ರೀಗೆ ಅಷ್ಟೆತ್ತರದಿಂದಲೂ ದೊಡ್ಡವಳಾಗಿ ಕಂಡಳು.

ರೆಪ್ಪೆ ಮುಚ್ಚಲು ಹವಣಿಸಿದವು. ಬಿಡಲಿಲ್ಲ. ಕಾಲು ಮುಂದಿಟ್ಟಳು.

ಗಾಳಿ. ಎದುರಿನ ಗೋಡೆ ಸರ್ರನೆ ಮೇಲಕ್ಕೆ ಹೋಯಿತು. ಕರವಸ್ತ್ರ ಹಾಸಿಗೆಯಾಯಿತು, ಹಾಸಿಗೆ ಬಯಲಾಯಿತು. ಪಾದಕ್ಕೆ ಒಂದು ಏಟು. ಆಮೇಲೆ ಸದ್ದೆಲ್ಲ ಯಾರೋ ಬಾಗಿಲು ಹಾಕಿದ ಹಾಗೆ ನಿಂತಿತು. ಕಣ್ಣು ಉರಿಯಿತು. ಸುತ್ತ ಹಸಿರು ಬೆಳಕು, ಅದರ ತುಂಬ ಅವಳದೇ ಉಸಿರಿನ ಗುಳ್ಳೆಗಳು, ಕೆನ್ನೆ ಸವರಿಕೊಂಡು, ರೆಪ್ಪೆ ಸವರಿಕೊಂಡು, ಸಾಲಾಗಿ ಒಂದೇ ಕಡೆಗೆ ಹೊರಟಿದ್ದವು. ಅವಳು ಏನೂ ಮಾಡಲಿಲ್ಲ. ಬರೀ ನೋಡಿದಳು. ಇಷ್ಟು ಚೆಂದದ್ದು ಇಷ್ಟು ದಿನ ರೆಪ್ಪೆಯ ಆಚೆಗೇ ಇತ್ತು. ನೀರು ಅವಳನ್ನು ಕಂಕುಳಿಗೆ ಕೈಹಾಕಿ ಎತ್ತಿದ ಹಾಗೆ ಎತ್ತಿತು.

ದಡ ಹಿಡಿದು, ಕೆಮ್ಮುತ್ತ, ಕೆಂಪು ಕಣ್ಣಲ್ಲಿ ಅವಳು ವರದಿ ಒಪ್ಪಿಸಿದಳು. "ಮೇಲೆ ನಿಂತಾಗ ಭಯ ಆಗುತ್ತೆ, ಸಿಕ್ಕಾಪಟ್ಟೆ. ಗೋಡೆ ಮೇಲಕ್ಕೆ ಹೋಗುತ್ತೆ, ನೀನು ಕೆಳಗೆ ಬರ್ತಿದೀಯ ಅನ್ಸಲ್ಲ. ಪಾದಕ್ಕೆ ಏಟು ಬೀಳುತ್ತೆ, ಕಾಲ್ಬೆರಳು ಕೆಳಗೆ ಮಾಡು. ಒಳಗೆ ಸದ್ದು ಇರಲ್ಲ. ಹಸಿರು. ಕಣ್ಣು ಉರಿಯುತ್ತೆ, ಆದ್ರೆ ಮುಚ್ಬೇಡ. ಗುಳ್ಳೆ ನೋಡು. ಗುಳ್ಳೆ ಯಾವ ಕಡೆ ಹೋಗುತ್ತೋ ಅದೇ ಮೇಲೆ. ಅವು ದಾರಿ ತಪ್ಪಲ್ಲ. ನೀನು ಕೈಕಾಲು ಬಡೀದಿದ್ರೂ ಅವುಗಳ ಹಿಂದೆ ನಿನ್ನನ್ನ ನೀರೇ ಕಳಿಸುತ್ತೆ."

"ಸುಳ್ಳು ಸೇರಿಸಿಲ್ಲಲ್ಲ?"

"ಒಂದು ಚೂರೂ ಇಲ್ಲ."

ನೀಲಾಂಬಿಕಾ ತಲೆಯಾಡಿಸಿದಳು. ಟೋಪಿ ಸರಿಮಾಡಿಕೊಂಡು ಏಣಿಗೆ ಕೈ ಹಾಕಿದಳು. ಆಂಟಿಯರ ಮಾತು ಒಂದೊಂದಾಗಿ ನಿಂತವು. "ನಿಧಾನ ಮೇಡಂ," ಅಂದ ಅಂಜಿನಯ್ಯ, ಕುರ್ಚಿಯಿಂದ ಎದ್ದು ನೀರಿನ ಅಂಚಿಗೆ ಬಂದು ನಿಂತು. "ಏಣಿಯಲ್ಲೇ ವಾಪಸ್ ಇಳಿದ್ರೂ ನಾನೇನು ಫೈನ್ ಹಾಕಲ್ಲ."

"ನೀವು ಕುಂದ್ರಿ ಅಣ್ಣಾ, ನಿಮ್ಮ ಕುರ್ಚಿ ಯಾರರ ತಗೊಂಡ್ ಹೋದಾರು," ಅಂತ ಮೇಲಿಂದ ದನಿ ಬಂತು.

ಹಲಗೆಯ ತುದಿಗೆ ಬಂದು ನಿಂತಳು. ಮೊಣಕಾಲು ಬೀಗ ಹಾಕಿಕೊಂಡದ್ದು ಕೆಳಗಿದ್ದವರಿಗೂ ಕಂಡಿತು. ಧನ್ಯಶ್ರೀಯ ನಾಲಿಗೆ ತುದಿಗೆ ನೂರು ಮಾತು ಬಂದವು. ಒಂದನ್ನೂ ಬಿಡಲಿಲ್ಲ. ನೀರಿನ ನಡುವೆ ಕಾಲಾಡಿಸುತ್ತ, ಹಲಗೆಯ ಕೆಳಗಿನ ಜಾಗ ಖಾಲಿ ಬಿಟ್ಟು, ಮೇಲೆ ನೋಡುತ್ತ ಸುಮ್ಮನೆ ಇದ್ದಳು. ಬಿಸಿಲು ಆಗ ತಾನೇ ಕಾಂಪೌಂಡ್ ಗೋಡೆ ಹತ್ತಿ ನೀಲಾಂಬಿಕಾಳ ಭುಜಕ್ಕೆ ಬಿದ್ದಿತ್ತು. ಅವಳು ಕೆಳಗೆ ನೋಡುತ್ತಿದ್ದಳು. ಬಿಟ್ಟ ಕಣ್ಣಲ್ಲಿ, ಅಂಗಡಿಯಲ್ಲಿ ಬಟ್ಟೆಯ ಕಲೆ ಹುಡುಕುವಷ್ಟು ನಿಗಾದಲ್ಲಿ, ತುಂಬ ಹೊತ್ತು ನೋಡುತ್ತಿದ್ದಳು.

ಮೊಣಕಾಲು ಮೆಲ್ಲಗೆ ಬಾಗಿತು.

ಅವಳು ಬಂದಳು. ಕೂಗಲಿಲ್ಲ, ಕೈ ಬೀಸಲಿಲ್ಲ. ಅಷ್ಟು ಉದ್ದದ ದೇಹ ಬಿಸಿಲಿನಿಂದ ನೆರಳಿಗೆ ಇಳಿದು, ಕಾಲ್ಬೆರಳು ಕೆಳಗೆ ಮಾಡಿ, ನೀರನ್ನು ಸೀಳಿ ಒಳಗೆ ಹೋಯಿತು. ನೀರು ಮುಚ್ಚಿಕೊಂಡಿತು. ಧನ್ಯಶ್ರೀ ಉಸಿರು ಹಿಡಿದಳು, ಮುಳುಗಿದಳು, ಕಣ್ಣು ಬಿಟ್ಟಳು.

ಅಲ್ಲಿ ಕೆಳಗೆ, ಬೆಳಕಿನ ಕಂಬಗಳ ನಡುವೆ, ನೀಲಾಂಬಿಕಾ ನೆಟ್ಟಗೆ ನಿಂತ ಹಾಗಿದ್ದಳು. ಕಣ್ಣು ಬಟ್ಟಲಿನಷ್ಟಾಗಿದ್ದವು. ಸುತ್ತ ಗುಳ್ಳೆಗಳ ಒಂದು ದೊಡ್ಡ ತೇರು. ಅವಳು ಅವುಗಳನ್ನೇ ನೋಡುತ್ತಿದ್ದಳು, ಒಂದೊಂದಾಗಿ, ಅವು ಹೋಗುವ ಕಡೆಗೆ ಮುಖ ಎತ್ತಿದಳು. ಆಮೇಲೆ ಅವುಗಳ ಹಿಂದೆಯೇ ಹೊರಟಳು, ಧನ್ಯಶ್ರೀಯ ಪಕ್ಕದಲ್ಲೇ, ಮೇಲಕ್ಕೆ.

ಇಬ್ಬರ ತಲೆಯೂ ಒಟ್ಟಿಗೆ ಹೊರಗೆ ಬಂದವು. ನೀಲಾಂಬಿಕಾ ಎದೆ ತುಂಬ ಉಸಿರು ಎಳೆದುಕೊಂಡಳು. ಮೂಗಿನಿಂದ, ರೆಪ್ಪೆಯಿಂದ ನೀರು ಸುರಿಯುತ್ತಿತ್ತು.

"ಹಸರಲ್ಲ ಲೇ," ಅಂದಳು. "ನೀಲಿ."

ಅಷ್ಟು ಹೇಳಿ, ಆಚೆ ದಡದ ಕಡೆ ತಿರುಗಿ, ಉದ್ದನೆಯ ಕೈ ಬೀಸಿ ಈಜಲು ಶುರುಮಾಡಿದಳು. ದಡ ಮುಟ್ಟಿದಳು.